ವಿಲ್ಹೆಲ್ಮ್ ಕನಾರಿಸ್

ವಿಲ್ಹೆಲ್ಮ್ ಫ್ರಾನ್ಜ್ ಕನಾರಿಸ್ (1 ಜನವರಿ 1887 – 9 ಏಪ್ರಿಲ್ 1945) ಜರ್ಮನ್ ನೌಕಾಪಡೆಯ ಅಡ್ಮಿರಲ್ ಹಾಗೂ 1935ರಿಂದ 1944ರವರೆಗೆ ಆ ದೇಶದ ಸೇನಾ ಗೂಢಚಾರ ಸಂಸ್ಥೆಯಾದ ಅಬ್ವೇರ್‌ನ ಮುಖ್ಯಸ್ಥ. ಹಿಟ್ಲರ್ ಅಧಿಕಾರಕ್ಕೆ ಬಂದುದನ್ನು ಸ್ವಾಗತಿಸಿದ್ದ ಈತ, ಮುಂದೆ ಆ ಆಡಳಿತವನ್ನು ಉರುಳಿಸಲು ಸಂಚು ಹೂಡಿದವರಿಗೆ ತನ್ನ ಕಚೇರಿಯಲ್ಲಿಯೇ ಆಶ್ರಯ ನೀಡಿದನು. ಅದೇ ಕಾಲದಲ್ಲಿ ನಾಜಿ ಜರ್ಮನಿಯ ಯುದ್ಧಯಂತ್ರಕ್ಕೆ ಬೇಕಾದ ಗೂಢಚರ್ಯೆಯನ್ನೂ ನಡೆಸುತ್ತ ಬಂದನು. ಎರಡನೆಯ ಮಹಾಯುದ್ಧ ಮುಗಿಯಲು ಒಂದು ತಿಂಗಳು ಇರುವಾಗ ಫ್ಲೋಸೆನ್‌ಬುರ್ಗ್ ಬಂಧನ ಶಿಬಿರದಲ್ಲಿ ಈತನನ್ನು ರಾಜದ್ರೋಹದ ಆರೋಪದ ಮೇಲೆ ಗಲ್ಲಿಗೇರಿಸಲಾಯಿತು. ಕನಾರಿಸನನ್ನು ಪ್ರತಿರೋಧ ಚಳವಳಿಯ ವೀರನೆಂದು ಪರಿಗಣಿಸಬೇಕೆ, ಅಥವಾ ಕೊನೆಯವರೆಗೂ ಎರಡು ದೋಣಿಗಳಲ್ಲಿ ಕಾಲಿಟ್ಟ ಅಧಿಕಾರಿಯೆಂದೇ ಎಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಜನನ ಮತ್ತು ಕುಟುಂಬ

ಕನಾರಿಸ್ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಆಪ್ಲರ್‌ಬೆಕ್ ಎಂಬಲ್ಲಿ ಜನಿಸಿದನು. ಆ ಊರು ಈಗ ಡಾರ್ಟ್‌ಮುಂಡ್ ನಗರದ ಭಾಗವಾಗಿದೆ. ತಂದೆ ಕಾರ್ಲ್ ಕನಾರಿಸ್ ಅನುಕೂಲಸ್ಥ ಕೈಗಾರಿಕೋದ್ಯಮಿ. ಗ್ರೀಕ್ ಸ್ವಾತಂತ್ರ್ಯ ಸಂಗ್ರಾಮದ ನೌಕಾವೀರ ಕಾನ್‌ಸ್ಟಂಟೈನ್ ಕನಾರಿಸನ ವಂಶದವರು ತಾವೆಂಬ ನಂಬಿಕೆ ಈ ಕುಟುಂಬದಲ್ಲಿತ್ತು. ಬಾಲಕನಿಗೆ ನೌಕಾಪಡೆಯ ಮೇಲೆ ಒಲವು ಹುಟ್ಟಲು ಈ ನಂಬಿಕೆಯೂ ಒಂದು ಕಾರಣವೆನ್ನಲಾಗಿದೆ. ಬಹಳ ವರ್ಷಗಳ ಅನಂತರ ನಡೆದ ವಂಶಾವಳಿ ಸಂಶೋಧನೆಯಿಂದ, ಇವರ ಪೂರ್ವಿಕರು ಉತ್ತರ ಇಟಲಿಯ ಕೋಮೊ ಸರೋವರದ ಕಡೆಯಿಂದ ಬಂದ ಕನಾರಿಸಿ ಎಂಬ ಮನೆತನದವರೆಂದು ತಿಳಿದುಬಂದಿತು.

1905ರಲ್ಲಿ ಕನಾರಿಸ್ ಕೀಲ್ ನಗರದಲ್ಲಿ ಸಾಮ್ರಾಜ್ಯದ ನೌಕಾಪಡೆಗೆ ಸೇರಿದನು. ಕುಳ್ಳಗಿನ, ಮಿತಭಾಷಿಯಾದ ಈ ಅಧಿಕಾರಿಗೆ ಭಾಷೆಗಳನ್ನು ಬೇಗ ಕಲಿಯುವ ಶಕ್ತಿಯಿತ್ತು. ಲ್ಯಾಟಿನ್ ಅಮೆರಿಕದ ಕರಾವಳಿಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಕಲಿತ ಸ್ಪ್ಯಾನಿಷ್ ಭಾಷೆ ಆತನ ಮುಂದಿನ ಬದುಕಿನ ದಿಕ್ಕನ್ನೇ ನಿರ್ಧರಿಸಿತು.

ಡ್ರೆಸ್ಡೆನ್ ನೌಕೆ ಮತ್ತು ಚಿಲಿಯಿಂದ ಪಲಾಯನ

ಮೊದಲನೆಯ ಮಹಾಯುದ್ಧ ಆರಂಭವಾದಾಗ ಕನಾರಿಸ್ ಡ್ರೆಸ್ಡೆನ್ ಎಂಬ ಲಘು ಕ್ರೂಸರ್ ನೌಕೆಯಲ್ಲಿದ್ದನು. 1914ರ ಸೆಪ್ಟೆಂಬರ್‌ನಲ್ಲಿ ಮದರಾಸಿನ ಮೇಲೆ ಗುಂಡಿನ ದಾಳಿ ನಡೆಸಿ ದಕ್ಷಿಣ ಭಾರತದಲ್ಲಿ ಮನೆಮಾತಾದ ಎಂಡೆನ್ ನೌಕೆ ಇದೇ ಡ್ರೆಸ್ಡೆನ್‌ನ ಜೋಡಿ ನೌಕೆ. ಎರಡನ್ನೂ ಒಂದೇ ವಿನ್ಯಾಸದಲ್ಲಿ ಕಟ್ಟಲಾಗಿತ್ತು. ದಕ್ಷಿಣ ಅಮೆರಿಕದ ಬಂದರುಗಳಲ್ಲಿ ಕಲ್ಲಿದ್ದಲು ಪೂರೈಕೆಯನ್ನು ಗುಟ್ಟಾಗಿ ಏರ್ಪಡಿಸುವುದು ಮತ್ತು ಬ್ರಿಟಿಷ್ ಹಡಗುಗಳ ಚಲನವಲನದ ಸುದ್ದಿ ಸಂಗ್ರಹಿಸುವುದು ಕನಾರಿಸನ ಹೊಣೆಯಾಗಿತ್ತು.

1914ರ ನವೆಂಬರ್ 1ರಂದು ಚಿಲಿಯ ಕರಾವಳಿಯಾಚೆ ನಡೆದ ಕೊರೊನೆಲ್ ಕದನದಲ್ಲಿ ಜರ್ಮನ್ ಪಡೆ ಗೆದ್ದಿತು. ಡಿಸೆಂಬರ್ 8ರ ಫಾಕ್‌ಲ್ಯಾಂಡ್ ದ್ವೀಪಗಳ ಕದನದಲ್ಲಿ ಅದೇ ಪಡೆ ನಾಶವಾಯಿತು. ಅಲ್ಲಿದ್ದ ಜರ್ಮನ್ ಕ್ರೂಸರ್‌ಗಳ ಪೈಕಿ ತಪ್ಪಿಸಿಕೊಂಡದ್ದು ಡ್ರೆಸ್ಡೆನ್ ಒಂದೇ. ಮೂರು ತಿಂಗಳ ಕಾಲ ಅದು ದಕ್ಷಿಣ ಚಿಲಿಯ ಕಡಲ ಕಾಲುವೆಗಳಲ್ಲಿ ಅಡಗಿಕೊಂಡಿತ್ತು. 1915ರ ಮಾರ್ಚ್ 14ರಂದು, ಇಂದು ರಾಬಿನ್ಸನ್ ಕ್ರೂಸೋ ಹೆಸರಿನಲ್ಲಿರುವ ಮಾಸ್ ಆ ತಿಯೆರ್ರಾ ದ್ವೀಪದ ಬಳಿ ಬ್ರಿಟಿಷ್ ನೌಕೆಗಳು ಅದನ್ನು ಸುತ್ತುವರಿದವು. ಕಲ್ಲಿದ್ದಲು ಮುಗಿದಿದ್ದುದರಿಂದ ಓಡಿಹೋಗುವ ಮಾರ್ಗವಿರಲಿಲ್ಲ. ಮಾತುಕತೆಗಾಗಿ ಕನಾರಿಸನನ್ನು ಗ್ಲಾಸ್ಗೋ ಎಂಬ ಬ್ರಿಟಿಷ್ ನೌಕೆಗೆ ಕಳುಹಿಸಲಾಯಿತು. ಡ್ರೆಸ್ಡೆನ್ ತಟಸ್ಥ ದೇಶದ ನೀರಿನಲ್ಲಿದೆ, ಆದುದರಿಂದ ದಾಳಿ ಸಲ್ಲದು ಎಂಬುದು ಆತನ ವಾದ. ಬ್ರಿಟಿಷ್ ಕಪ್ತಾನ ಅದನ್ನು ಒಪ್ಪಲಿಲ್ಲ. ಆದರೆ ಆ ಮಾತುಕತೆಯಿಂದ ದೊರೆತ ಕಾಲಾವಕಾಶದಲ್ಲಿ ಡ್ರೆಸ್ಡೆನ್‌ನ ನಾವಿಕರು ದಡ ಸೇರಿದರು, ನೌಕೆಯನ್ನು ತಾವೇ ಮುಳುಗಿಸಿದರು.

ಚಿಲಿ ಸರ್ಕಾರ ನಾವಿಕರನ್ನು ಕಿರಿಕಿನಾ ದ್ವೀಪದಲ್ಲಿ ಬಂಧನದಲ್ಲಿರಿಸಿತು. ಆಗಸ್ಟ್‌ನಲ್ಲಿ ಕನಾರಿಸ್ ಅಲ್ಲಿಂದ ತಪ್ಪಿಸಿಕೊಂಡು, ಕುದುರೆಯ ಮೇಲೆ ಆಂಡಿಸ್ ಪರ್ವತ ದಾಟಿ ಅರ್ಜೆಂಟೀನಾ ತಲುಪಿದನು. ಅಲ್ಲಿಂದ ರೀಡ್ ರೋಸಾಸ್ ಎಂಬ ಚಿಲಿಯ ವಿಧುರನ ಪಾಸ್‌ಪೋರ್ಟ್ ಹಿಡಿದು ಫ್ರಿಸಿಯಾ ಎಂಬ ಡಚ್ ಹಡಗನ್ನೇರಿದನು. ಆ ಹಡಗು ದಾರಿಯಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ನಿಂತಿತು. ಅಲ್ಲಿ ನಡೆದ ತಪಾಸಣೆಯಲ್ಲಿ ಆತನ ನಿಜರೂಪ ಬಯಲಾಗಲಿಲ್ಲ. ಅಕ್ಟೋಬರ್‌ನಲ್ಲಿ ಆತ ಜರ್ಮನಿ ಸೇರಿದನು. ಸುಳ್ಳು ಹೆಸರಿನಲ್ಲಿ ಶತ್ರುವಿನ ಕಣ್ಣೆದುರೇ ಹಾದು ಬಂದ ಈ ಅಧಿಕಾರಿಗೆ ಗೂಢಚರ್ಯೆಯೇ ತಕ್ಕ ಕೆಲಸವೆಂದು ನೌಕಾಪಡೆಯ ಮೇಲಧಿಕಾರಿಗಳು ಭಾವಿಸಿದುದು ಸಹಜ.

ಸ್ಪೇನ್‌ನಲ್ಲಿ ಮೊದಲ ಕಾರ್ಯಾಚರಣೆ

ಮುಂದಿನ ಹೆಜ್ಜೆಯಾಗಿ ಕನಾರಿಸನನ್ನು ಮ್ಯಾಡ್ರಿಡ್‌ಗೆ ಕಳುಹಿಸಲಾಯಿತು. ತಟಸ್ಥ ಸ್ಪೇನ್‌ನ ಬಂದರುಗಳಲ್ಲಿ ಮಿತ್ರರಾಷ್ಟ್ರಗಳ ಹಡಗುಗಳ ಸಂಚಾರವನ್ನು ಗಮನಿಸುವುದು, ಜರ್ಮನ್ ಜಲಾಂತರ್ಗಾಮಿಗಳಿಗೆ ಪೂರೈಕೆ ಏರ್ಪಡಿಸುವುದು ಅಲ್ಲಿನ ಕೆಲಸ. 1916ರಲ್ಲಿ ಸ್ವದೇಶಕ್ಕೆ ಹಿಂದಿರುಗುವ ಯತ್ನದಲ್ಲಿ ಇಟಲಿಯಲ್ಲಿ ಸೆರೆಸಿಕ್ಕನು. ಬಿಡುಗಡೆಯಾಗಿ ಸ್ಪೇನ್‌ಗೆ ಮರಳಿದ ಬಳಿಕ, ಅಕ್ಟೋಬರ್ ಆರಂಭದಲ್ಲಿ ಕಾರ್ತಹೇನಾ ಬಂದರಿನ ಹೊರಗೆ ಯು-35 ಎಂಬ ಜಲಾಂತರ್ಗಾಮಿ ಆತನನ್ನು ಹತ್ತಿಸಿಕೊಂಡು ಹೋಯಿತು. ಯುದ್ಧದ ಕೊನೆಯ ಅವಧಿಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಜಲಾಂತರ್ಗಾಮಿಗಳ ಕಪ್ತಾನನಾಗಿದ್ದನು.

ಮಾತಾ ಹರಿ ಈತನ ಪ್ರೇಯಸಿಯಾಗಿದ್ದಳು, ಈತನ ಪರವಾಗಿ ಗೂಢಚರ್ಯೆ ನಡೆಸಿದಳು ಎಂಬ ಕಥೆ ಜನಪ್ರಿಯ ಪುಸ್ತಕಗಳಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಆಧಾರವಿಲ್ಲ. ಆಕೆ ಮ್ಯಾಡ್ರಿಡ್‌ನಲ್ಲಿ ಜರ್ಮನ್ ಸೇನಾ ಪ್ರತಿನಿಧಿಯನ್ನು ಭೇಟಿಯಾದ ಹೊತ್ತಿಗೆ ಕನಾರಿಸ್ ಸ್ಪೇನ್ ಬಿಟ್ಟು ತಿಂಗಳುಗಳಾಗಿದ್ದವು.

1919ರ ವಿಚಾರಣೆ ಮತ್ತು ಫೋಗೆಲ್ ಪಲಾಯನ

ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ 1918ರ ನವೆಂಬರ್‌ನಲ್ಲಿ ಕ್ರಾಂತಿಯಾಯಿತು. ಅದಕ್ಕೆ ಚಾಲನೆ ಕೊಟ್ಟದ್ದು ಕೀಲ್ ನಗರದ ನಾವಿಕರ ಬಂಡಾಯ. ನೌಕಾಪಡೆಯ ಬಹುತೇಕ ಅಧಿಕಾರಿಗಳಂತೆ ಕನಾರಿಸನೂ ಇದನ್ನು ಮಾನಭಂಗವೆಂದೇ ಭಾವಿಸಿದನು. ಕಮ್ಯುನಿಸಂ ಕುರಿತ ದ್ವೇಷ ಆತನಲ್ಲಿ ಜೀವನಪೂರ್ತಿ ಉಳಿಯಿತು. ಬಲಪಂಥೀಯ ಸ್ವಯಂಸೇವಕ ಪಡೆಗಳನ್ನು ಸಂಘಟಿಸಲು ನೆರವಾದುದಲ್ಲದೆ, ರಕ್ಷಣಾ ಸಚಿವ ಗುಸ್ತಾವ್ ನೋಸ್ಕೆಯ ಕಚೇರಿಯಲ್ಲಿಯೂ ಕೆಲಸ ಮಾಡಿದನು.

1919ರ ಜನವರಿ 15ರಂದು ಬರ್ಲಿನ್‌ನಲ್ಲಿ ಎಡಪಂಥೀಯ ನಾಯಕರಾದ ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಖ್ಟ್ ಅವರನ್ನು ಇಂಥದೇ ಪಡೆಯ ಸೈನಿಕರು ಬಂಧಿಸಿ ಕೊಂದರು. ಆರೋಪಿಗಳ ವಿಚಾರಣೆಯನ್ನು ಸಾಮಾನ್ಯ ನ್ಯಾಯಾಲಯಕ್ಕೆ ಒಪ್ಪಿಸದೆ ಅವರದೇ ಸೇನಾ ವಿಭಾಗದ ನ್ಯಾಯಾಲಯಕ್ಕೆ ವಹಿಸಲಾಯಿತು. ನ್ಯಾಯಪೀಠದ ಸದಸ್ಯರಲ್ಲಿ ಕನಾರಿಸನೂ ಒಬ್ಬ. ಮೇ ತಿಂಗಳಲ್ಲಿ ಬಂದ ತೀರ್ಪಿನಲ್ಲಿ ಅಧಿಕಾರಿಗಳು ಕೊಲೆಯ ಆರೋಪದಿಂದ ಪಾರಾದರು. ಲೆಫ್ಟಿನೆಂಟ್ ಕುರ್ಟ್ ಫೋಗೆಲ್ ಎಂಬವನಿಗೆ ಮಾತ್ರ ಶವವನ್ನು ವಿಲೇವಾರಿ ಮಾಡಿದುದೇ ಮುಂತಾದ ಕಡಿಮೆ ತೂಕದ ಅಪರಾಧಗಳಿಗೆ ಸೆರೆಮನೆ ಶಿಕ್ಷೆಯಾಯಿತು. ಕೆಲವು ದಿನಗಳಲ್ಲಿಯೇ ಅಧಿಕಾರಿಯೊಬ್ಬ ಕೈದಿಯನ್ನು ಬೇರೆಡೆಗೆ ಸಾಗಿಸುವ ಆದೇಶಪತ್ರ ಹಿಡಿದು ಮೋಆಬಿಟ್ ಸೆರೆಮನೆಗೆ ಬಂದು ಫೋಗೆಲ್‌ನನ್ನು ಕರೆದೊಯ್ದನು. ಫೋಗೆಲ್ ನೆದರ್ಲೆಂಡ್ಸ್‌ಗೆ ಪರಾರಿಯಾದನು. ಆದೇಶಪತ್ರ ಖೋಟಾ ಆಗಿತ್ತು. ಲಿಂಡೆಮನ್ ಎಂದು ಹೆಸರು ಹೇಳಿಕೊಂಡ ಆ ಅಧಿಕಾರಿ ಕನಾರಿಸನೇ ಎಂಬ ಅಭಿಪ್ರಾಯ ಇತಿಹಾಸಕಾರರಲ್ಲಿ ವ್ಯಾಪಕವಾಗಿದೆ. ಆ ಕಾಲದಲ್ಲಿ ಆತನನ್ನು ಬಂಧಿಸಿ ವಿಚಾರಿಸಿದರೂ ಯಾವುದೂ ಸಾಬೀತಾಗಲಿಲ್ಲ.

ಮುಂದೆ ಹಿಟ್ಲರನ ನ್ಯಾಯವ್ಯವಸ್ಥೆಗೆ ಬಲಿಯಾದ ವ್ಯಕ್ತಿಯೇ ಇಪ್ಪತ್ತಾರು ವರ್ಷಗಳ ಹಿಂದೆ ನ್ಯಾಯದ ಹೆಸರಿನಲ್ಲಿ ನಡೆದ ಇಂಥ ಪ್ರಹಸನದ ಪೀಠದಲ್ಲಿ ಕುಳಿತಿದ್ದನೆಂಬ ಸಂಗತಿಯನ್ನು ಆತನ ಅಭಿಮಾನಿ ಲೇಖಕರು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಸಮಕಾಲೀನರು ಅದನ್ನು ಮರೆತಿರಲಿಲ್ಲ. 1926ರಲ್ಲಿ ನೌಕಾಪಡೆಯ ಪರವಾಗಿ ಸಂಸತ್ತಿನ ತನಿಖಾ ಸಮಿತಿಯ ಮುಂದೆ ಆತ ಹೇಳಿಕೆ ನೀಡಲು ನಿಂತಾಗ ಎಡಪಕ್ಷಗಳ ಸದಸ್ಯರು ಇದೇ ವಿಷಯವೆತ್ತಿ ಗದ್ದಲವೆಬ್ಬಿಸಿದರು. 1920ರ ಮಾರ್ಚ್‌ನಲ್ಲಿ ಚುನಾಯಿತ ಸರ್ಕಾರದ ವಿರುದ್ಧ ನಡೆದ ಕಾಪ್ ಬಂಡಾಯದಲ್ಲಿಯೂ ಕನಾರಿಸ್ ಬಂಡಾಯಗಾರರ ಪರವಾಗಿಯೇ ಇದ್ದನು. ಅಲ್ಪಕಾಲದ ಬಂಧನದ ಬಳಿಕ ಮತ್ತೆ ಸೇವೆಗೆ ಮರಳಿದನು.

ಗುಪ್ತ ಶಸ್ತ್ರಾಸ್ತ್ರ ಯೋಜನೆಗಳು

ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ ಜಲಾಂತರ್ಗಾಮಿಗಳನ್ನು ಹೊಂದುವಂತಿರಲಿಲ್ಲ. ಈ ನಿಷೇಧವನ್ನು ತಪ್ಪಿಸಲು ನೌಕಾಪಡೆ ವಿದೇಶಗಳಲ್ಲಿ ಅವುಗಳ ವಿನ್ಯಾಸ ಹಾಗೂ ನಿರ್ಮಾಣವನ್ನು ಮುಂದುವರಿಸಿತು. ಕನಾರಿಸ್ 1924ರಲ್ಲಿ ಜಪಾನ್‌ಗೂ ಅನಂತರ ಪದೇಪದೇ ಸ್ಪೇನ್‌ಗೂ ಪ್ರಯಾಣ ಮಾಡಿದನು. ಸ್ಪೇನ್‌ನ ಉದ್ಯಮಿ ಒರಾಸಿಯೊ ಎಚೆವರ್ರಿಯೆತಾ ಮೊದಲಾದವರ ಜೊತೆ ಸಂಬಂಧ ಬೆಳೆಸಿ, ಅಲ್ಲಿ ಜಲಾಂತರ್ಗಾಮಿ ನಿರ್ಮಾಣಕ್ಕೆ ದಾರಿ ಮಾಡಿದನು. 1927ರಲ್ಲಿ ನೌಕಾಪಡೆಯ ರಹಸ್ಯ ನಿಧಿಗಳ ಬಳಕೆ ಪತ್ರಿಕೆಗಳಲ್ಲಿ ಬಯಲಾಗಿ ದೊಡ್ಡ ಹಗರಣವಾಯಿತು. ಬಳಿಕ ಕನಾರಿಸನನ್ನು ಬರ್ಲಿನ್‌ನಿಂದ ಸಮುದ್ರಸೇವೆಗೆ ಕಳುಹಿಸಲಾಯಿತು. ಶ್ಲೇಸಿಯೆನ್ ಯುದ್ಧನೌಕೆಯ ಕಪ್ತಾನನಾಗಿದ್ದು, 1934ರಲ್ಲಿ ಬಾಲ್ಟಿಕ್ ತೀರದ ಸ್ವಿನೆಮ್ಯುಂಡೆ ಕೋಟೆಯ ಅಧಿಪತಿಯಾದನು. ನಿವೃತ್ತಿಗೆ ಮುನ್ನ ಕೊಡುವ ಹುದ್ದೆಯಂತೆ ಅದು ತೋರುತ್ತಿತ್ತು.

ಅಬ್ವೇರ್‌ನ ಮುಖ್ಯಸ್ಥ

ಅಬ್ವೇರ್ ಎಂಬ ಜರ್ಮನ್ ಪದಕ್ಕೆ ರಕ್ಷಣೆ ಅಥವಾ ತಡೆ ಎಂಬ ಅರ್ಥವಿದೆ. ಮೊದಲನೆಯ ಮಹಾಯುದ್ಧದ ಬಳಿಕ ಈ ವಿಭಾಗ ಕೇವಲ ಆತ್ಮರಕ್ಷಣೆಗಾಗಿ ಎಂದು ತೋರಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಇಟ್ಟ ಹೆಸರದು. ಅದರ ಮುಖ್ಯಸ್ಥ ಕಪ್ತಾನ ಕೊನ್ರಾಡ್ ಪಾಟ್ಸಿಗ್‌ಗೂ ನಾಜಿ ಪಕ್ಷದ ಗುಪ್ತಚರ ಮತ್ತು ಪೊಲೀಸ್ ಸಂಸ್ಥೆಗಳಿಗೂ ಸರಿಹೋಗಲಿಲ್ಲ. ಆತನನ್ನು ತೆಗೆದುಹಾಕಿದಾಗ ಈ ಹುದ್ದೆ ಭೂಸೇನೆಯ ಪಾಲಾಗದಿರಲೆಂದು ನೌಕಾಪಡೆ ಕನಾರಿಸನ ಹೆಸರು ಸೂಚಿಸಿತು. 1935ರ ಜನವರಿ 1ರಂದು, ತನ್ನ ನಲವತ್ತೆಂಟನೆಯ ಹುಟ್ಟುಹಬ್ಬದ ದಿನ, ಆತ ಅಬ್ವೇರ್‌ನ ಮುಖ್ಯಸ್ಥನಾದನು.

ಬರ್ಲಿನ್‌ನ ಟಿರ್ಪಿಟ್ಸ್ ದಂಡೆಯ ಮೇಲಿದ್ದ ಕಚೇರಿಯನ್ನು ಕನಾರಿಸ್ ಕೆಲವೇ ವರ್ಷಗಳಲ್ಲಿ ವಿಸ್ತಾರವಾದ ಸಂಸ್ಥೆಯನ್ನಾಗಿ ಬೆಳೆಸಿದನು. ಒಂದನೆಯ ವಿಭಾಗ ವಿದೇಶಗಳಲ್ಲಿ ಸುದ್ದಿ ಸಂಗ್ರಹಿಸುತ್ತಿತ್ತು. ಎರಡನೆಯದು ವಿಧ್ವಂಸಕ ಕೃತ್ಯಗಳನ್ನೂ ಶತ್ರುದೇಶಗಳ ಅಸಂತುಷ್ಟ ಗುಂಪುಗಳ ಸಂಪರ್ಕವನ್ನೂ ನೋಡಿಕೊಳ್ಳುತ್ತಿತ್ತು. ಶತ್ರು ಗೂಢಚಾರರನ್ನು ಹಿಡಿಯುವುದು ಮೂರನೆಯದರ ಕೆಲಸ. ಆಡಳಿತ ನೋಡಿಕೊಳ್ಳುವ ಕೇಂದ್ರ ವಿಭಾಗವನ್ನು ಹಾನ್ಸ್ ಓಸ್ಟರ್ ಎಂಬ ಅಧಿಕಾರಿಗೆ ವಹಿಸಲಾಯಿತು. ನಾಜಿ ಆಡಳಿತವನ್ನು ಬಹಿರಂಗವಾಗಿಯೇ ಹಳಿಯುತ್ತಿದ್ದ ಓಸ್ಟರ್, ಮುಂದೆ ಸೇನೆಯೊಳಗಿನ ಸಂಚಿನ ಮುಖ್ಯ ಕೊಂಡಿಯಾದನು. ಮುಖ್ಯಸ್ಥನ ಕೊಠಡಿಯಲ್ಲಿ ಮಾತ್ರ ಆಡಂಬರವಿರಲಿಲ್ಲ. ಅಲ್ಲಿ ಒಂದು ಮಡಿಚುವ ಮಂಚ ಮತ್ತು ಆತನ ಡ್ಯಾಷ್‌ಹಂಡ್ ನಾಯಿಗಳು ಇರುತ್ತಿದ್ದುದನ್ನು ಸಹೋದ್ಯೋಗಿಗಳು ನೆನಪಿಸಿಕೊಂಡಿದ್ದಾರೆ.

1936ರಲ್ಲಿ ಸ್ಪೇನ್‌ನ ಅಂತರ್ಯುದ್ಧ ಆರಂಭವಾದಾಗ ಜನರಲ್ ಫ್ರಾಂಕೋಗೆ ಜರ್ಮನಿ ನೆರವು ನೀಡಬೇಕೆಂದು ವಾದಿಸಿದವರಲ್ಲಿ ಕನಾರಿಸ್ ಪ್ರಮುಖ. ಹಳೆಯ ಪರಿಚಯಗಳು ಇಲ್ಲಿ ಕೆಲಸಕ್ಕೆ ಬಂದವು.

ಹೈಡ್ರಿಖ್ ಜೊತೆಗಿನ ಸಂಬಂಧ

ನಾಜಿ ಪಕ್ಷದ ಭದ್ರತಾ ಸೇವೆಯ ಮುಖ್ಯಸ್ಥ ರೈನ್‌ಹಾರ್ಡ್ ಹೈಡ್ರಿಖ್ ಒಂದು ಕಾಲದಲ್ಲಿ ನೌಕಾಪಡೆಯ ಕೆಡೆಟ್ ಆಗಿದ್ದನು. 1920ರ ದಶಕದ ಆರಂಭದಲ್ಲಿ ಬರ್ಲಿನ್ ಎಂಬ ತರಬೇತಿ ನೌಕೆಯಲ್ಲಿ ಕನಾರಿಸ್ ಆತನ ಮೇಲಧಿಕಾರಿ. ಹೈಡ್ರಿಖ್ ಕನಾರಿಸನ ಮನೆಗೆ ಬಂದು ಪಿಟೀಲು ನುಡಿಸುತ್ತಿದ್ದನು. 1930ರ ದಶಕದಲ್ಲಿ ಬರ್ಲಿನ್‌ನಲ್ಲಿ ಇಬ್ಬರೂ ನೆರೆಹೊರೆಯವರಾದರು. ಎರಡು ಕುಟುಂಬಗಳ ನಡುವೆ ಹೋಗಿಬರುವುದು ಇತ್ತು. ಕಚೇರಿಯಲ್ಲಿ ಅವರು ಪ್ರತಿಸ್ಪರ್ಧಿಗಳು. 1936ರ ಕೊನೆಯಲ್ಲಿ ಅಬ್ವೇರ್ ಮತ್ತು ಗೆಸ್ಟಾಪೊ ನಡುವಣ ಕೆಲಸದ ಎಲ್ಲೆಯನ್ನು ಗುರುತಿಸುವ ಒಪ್ಪಂದವಾಯಿತು. ಅದು ಹತ್ತು ಕಟ್ಟಳೆಗಳೆಂಬ ಅಡ್ಡಹೆಸರು ಪಡೆಯಿತು. ಎಲ್ಲೆಯ ಜಗಳ ಮಾತ್ರ ನಿಲ್ಲಲಿಲ್ಲ. 1942ರ ವಸಂತದಲ್ಲಿ ಪ್ರಾಗ್‌ನಲ್ಲಿದ್ದ ಪೌಲ್ ಟ್ಯುಮೆಲ್ ಎಂಬ ಅಬ್ವೇರ್ ಗೂಢಚಾರ ಚೆಕ್ ಗುಪ್ತಚರ ವಿಭಾಗಕ್ಕೆ ದುಡಿಯುತ್ತಿದ್ದನೆಂದು ಗೆಸ್ಟಾಪೊ ಪತ್ತೆಹಚ್ಚಿತು. ಅಬ್ವೇರ್‌ನ ಅಧಿಕಾರವನ್ನು ಇನ್ನಷ್ಟು ಮೊಟಕುಗೊಳಿಸಲು ಹೈಡ್ರಿಖ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ಆದರೆ ಮೇ 27ರಂದು ಅದೇ ಪ್ರಾಗ್‌ನಲ್ಲಿ ಹೈಡ್ರಿಖ್ ಮೇಲೆ ದಾಳಿ ನಡೆಯಿತು, ಜೂನ್ 4ರಂದು ಆತ ಸತ್ತನು.

ಯುದ್ಧಾರಂಭ ಮತ್ತು ಪೋಲೆಂಡ್

1938ರ ಆರಂಭದಲ್ಲಿ ಭೂಸೇನೆಯ ಮುಖ್ಯಸ್ಥ ಫ್ರಿಚ್ ಮೇಲೆ ಗೆಸ್ಟಾಪೊ ಹೊರಿಸಿದ ಸುಳ್ಳು ಆರೋಪ ಕನಾರಿಸನ ನಿಷ್ಠೆಯನ್ನು ಅಲುಗಿಸಿತೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಅದೇ ವರ್ಷ ಹಿಟ್ಲರ್ ಚೆಕೊಸ್ಲೊವಾಕಿಯಾದ ಮೇಲೆ ಯುದ್ಧಕ್ಕೆ ಸಿದ್ಧನಾದಾಗ ಓಸ್ಟರ್ ಹಾಗೂ ಕೆಲವು ಸೇನಾಧಿಕಾರಿಗಳು ಆತನನ್ನು ಬಂಧಿಸಲು ಯೋಜನೆ ಹಾಕಿದರು. ಕನಾರಿಸನಿಗೆ ಇದು ತಿಳಿದಿತ್ತು. ಸೆಪ್ಟೆಂಬರ್ 30ರ ಮ್ಯೂನಿಕ್ ಒಪ್ಪಂದದಿಂದ ಯುದ್ಧ ತಪ್ಪಿತು, ಯೋಜನೆಯೂ ಕುಸಿಯಿತು.

1939ರ ಆಗಸ್ಟ್‌ನಲ್ಲಿ ಹೈಡ್ರಿಖ್‌ನ ಕಡೆಯವರಿಗೆ ಪೋಲೆಂಡಿನ ಸೇನಾ ಸಮವಸ್ತ್ರಗಳನ್ನು ಒದಗಿಸಬೇಕೆಂದು ಅಬ್ವೇರ್‌ಗೆ ಆದೇಶ ಬಂದಿತು. ಯಾವ ಉದ್ದೇಶಕ್ಕೆಂದು ಸ್ಪಷ್ಟವಾಗಿ ಹೇಳಿರಲಿಲ್ಲ. ಕನಾರಿಸ್ ಸರ್ವೋಚ್ಚ ಸೇನಾ ಕಚೇರಿಯ ಮುಖ್ಯಸ್ಥ ಕೈಟೆಲ್‌ನೊಡನೆ ಈ ವಿಷಯ ಪ್ರಸ್ತಾಪಿಸಿದನು, ಬಳಿಕ ಸಮವಸ್ತ್ರಗಳನ್ನು ಕೊಟ್ಟನು. ಆಗಸ್ಟ್ 31ರ ರಾತ್ರಿ ಗ್ಲೈವಿಟ್ಸ್ ರೇಡಿಯೊ ಕೇಂದ್ರದ ಮೇಲೆ ಪೋಲರು ದಾಳಿ ಮಾಡಿದರೆಂಬ ನಾಟಕವನ್ನು ಆಡಲಾಯಿತು. ಮರುದಿನ ಯುದ್ಧ ಆರಂಭವಾಯಿತು.

ಸೆಪ್ಟೆಂಬರ್ 12ರಂದು ಕನಾರಿಸ್ ಸೈಲೀಸಿಯಾದಲ್ಲಿ ನಿಂತಿದ್ದ ಹಿಟ್ಲರನ ವಿಶೇಷ ರೈಲಿಗೆ ಹೋಗಿ ಕೈಟೆಲ್‌ನನ್ನು ಕಂಡನು. ಪೋಲೆಂಡಿನ ಶ್ರೀಮಂತವರ್ಗದವರನ್ನೂ ಪಾದ್ರಿಗಳನ್ನೂ ಸಾಮೂಹಿಕವಾಗಿ ಕೊಲ್ಲಲು ಯೋಜಿಸಿರುವುದು ತನಗೆ ತಿಳಿದಿದೆ, ಇಂಥ ಕೃತ್ಯಗಳಿಗೆ ಜಗತ್ತು ಒಂದು ದಿನ ಸೇನೆಯನ್ನೇ ಹೊಣೆ ಮಾಡುತ್ತದೆ ಎಂದು ಎಚ್ಚರಿಸಿದನು. ಇದು ಹಿಟ್ಲರನ ನಿರ್ಧಾರ, ಸೇನೆಗೆ ಒಪ್ಪಿಗೆಯಿಲ್ಲದಿದ್ದರೆ ಎಸ್‌ಎಸ್ ಪಡೆಯೇ ಅದನ್ನು ನಡೆಸುತ್ತದೆ ಎಂಬ ಅರ್ಥದ ಉತ್ತರ ಕೈಟೆಲ್‌ನಿಂದ ಬಂದಿತು. ಜೊತೆಗಿದ್ದ ಎರಡನೆಯ ವಿಭಾಗದ ಅಧಿಕಾರಿ ಎರ್ವಿನ್ ಫಾನ್ ಲಾಹೌಸೆನ್ 1945ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಈ ಭೇಟಿಯ ಬಗ್ಗೆ ಸಾಕ್ಷ್ಯ ನುಡಿದನು.

ಇದಾದ ಬಳಿಕವೂ ಕನಾರಿಸ್ ರಾಜೀನಾಮೆ ನೀಡಲಿಲ್ಲ. 1940ರ ಜನವರಿಯಲ್ಲಿ ಆತನಿಗೆ ಪೂರ್ಣ ಅಡ್ಮಿರಲ್ ಪದವಿ ದೊರೆಯಿತು. ಅದೇ ಸಮಯದಲ್ಲಿ ಓಸ್ಟರ್ ಜರ್ಮನ್ ದಾಳಿಯ ದಿನಾಂಕಗಳನ್ನು ನೆದರ್ಲೆಂಡ್ಸ್‌ನ ಸೇನಾ ಪ್ರತಿನಿಧಿಗೆ ತಿಳಿಸುತ್ತಿದ್ದನು. ಅಬ್ವೇರ್‌ನಲ್ಲಿದ್ದ ಮ್ಯೂನಿಕ್‌ನ ವಕೀಲ ಯೋಸೆಫ್ ಮ್ಯುಲ್ಲರ್ ವ್ಯಾಟಿಕನ್ ಮೂಲಕ ಬ್ರಿಟಿಷರೊಡನೆ ಸಂಪರ್ಕ ಬೆಳೆಸುತ್ತಿದ್ದನು. ದಾಳಿಯ ಸುದ್ದಿ ರೋಮ್‌ನಿಂದ ಸೋರಿಕೆಯಾಗಿದೆಯೆಂದು ಗೊತ್ತಾಗಿ ತನಿಖೆಗೆ ಆದೇಶ ಬಂದಾಗ, ಕನಾರಿಸ್ ಆ ಸೋರಿಕೆಯನ್ನು ಪತ್ತೆಹಚ್ಚಲು ಮ್ಯುಲ್ಲರ್‌ನನ್ನೇ ರೋಮ್‌ಗೆ ಕಳುಹಿಸಿದನು. ತಾನಾಗಿ ಮುನ್ನುಗ್ಗದೆ, ಮುನ್ನುಗ್ಗಿದವರನ್ನು ಮರೆಮಾಡುವುದು ಆತನ ರೀತಿಯಾಗಿತ್ತು. ಪೋಲೆಂಡಿನ ಸೇನಾ ಪ್ರತಿನಿಧಿಯೊಬ್ಬನ ಪತ್ನಿ ಹಲೀನಾ ಶಿಮಾನ್ಸ್ಕಾ ತನ್ನ ಮಕ್ಕಳೊಡನೆ ಸ್ವಿಟ್ಜರ್ಲೆಂಡ್ ಸೇರಲು ಆತ ನೆರವಾದನು. ಬರ್ನ್‌ನಲ್ಲಿ ಆಕೆಯ ಮೂಲಕ ಜರ್ಮನಿಯ ಕೆಲವು ಮಹತ್ವದ ಸಂಗತಿಗಳು ಬ್ರಿಟಿಷ್ ಗುಪ್ತಚರ ಸೇವೆಗೆ ತಲುಪಿದವು.

ಫ್ರಾಂಕೋ ಮತ್ತು ಜಿಬ್ರಾಲ್ಟರ್

1940ರಲ್ಲಿ ಸ್ಪೇನ್ ಮೂಲಕ ಸಾಗಿ ಬ್ರಿಟಿಷರ ಜಿಬ್ರಾಲ್ಟರ್ ಕೋಟೆಯನ್ನು ವಶಪಡಿಸಿಕೊಳ್ಳಲು ಹಿಟ್ಲರ್ ಬಯಸಿದನು. ಅಕ್ಟೋಬರ್‌ನಲ್ಲಿ ಫ್ರಾಂಕೋನನ್ನು ಆಂಡೇ ಎಂಬಲ್ಲಿ ಸ್ವತಃ ಭೇಟಿಯಾದರೂ ಒಪ್ಪಿಗೆ ಸಿಗಲಿಲ್ಲ. ಡಿಸೆಂಬರ್ 7ರಂದು ಕನಾರಿಸ್ ಮ್ಯಾಡ್ರಿಡ್‌ಗೆ ಹೋಗಿ, ಜರ್ಮನ್ ಪಡೆಗಳು ಜನವರಿ 10ರಂದು ಸ್ಪೇನ್ ಪ್ರವೇಶಿಸಲು ಅನುಮತಿ ಕೋರಿದನು. ಆಹಾರದ ಕೊರತೆಯನ್ನೂ ಬ್ರಿಟಿಷ್ ನೌಕಾಪಡೆಯ ಭಯವನ್ನೂ ಮುಂದಿಟ್ಟು ಫ್ರಾಂಕೋ ನಿರಾಕರಿಸಿದನು. ಜರ್ಮನಿ ಸೋಲುವುದು ಖಚಿತವೆಂದು ಕನಾರಿಸನೇ ಗುಟ್ಟಾಗಿ ಫ್ರಾಂಕೋಗೆ ಹೇಳಿದ್ದನೆಂಬ ಮಾತು ಯುದ್ಧದ ಬಳಿಕ ಪ್ರಚಾರಕ್ಕೆ ಬಂದಿತು. ಇದಕ್ಕೆ ಆ ಕಾಲದ ದಾಖಲೆಗಳ ಬೆಂಬಲವಿಲ್ಲ. ಅಂತರ್ಯುದ್ಧದಿಂದ ಬಸವಳಿದ, ಹೊರಗಿನ ಗೋಧಿ ಮತ್ತು ಇಂಧನವನ್ನು ನೆಚ್ಚಿದ್ದ ದೇಶದ ಆಡಳಿತಗಾರನಿಗೆ ಹಿಂದೆ ಸರಿಯಲು ಬೇರೆಯವರ ಸಲಹೆ ಬೇಕಿತ್ತೆಂದು ಭಾವಿಸುವುದೂ ಕಷ್ಟ.

ಯುದ್ಧಕಾಲದ ಅಪರಾಧಗಳು ಮತ್ತು ಪ್ರತಿಭಟನೆ

1941ರ ಸೆಪ್ಟೆಂಬರ್ 15ರಂದು ಕನಾರಿಸ್ ಸೋವಿಯತ್ ಯುದ್ಧಕೈದಿಗಳ ವಿಷಯದಲ್ಲಿ ಕೈಟೆಲ್‌ಗೆ ಲಿಖಿತ ಆಕ್ಷೇಪ ಸಲ್ಲಿಸಿದನು. ಸೋವಿಯತ್ ಒಕ್ಕೂಟ ಜಿನೀವಾ ಒಪ್ಪಂದಕ್ಕೆ ಸಹಿ ಹಾಕದಿದ್ದರೂ ಅಂತಾರಾಷ್ಟ್ರೀಯ ಕಾನೂನಿನ ಸಾಮಾನ್ಯ ತತ್ತ್ವಗಳು ಅನ್ವಯಿಸುತ್ತವೆ, ಸೆರೆಯೆಂಬುದು ಕೈದಿ ಮತ್ತೆ ಯುದ್ಧದಲ್ಲಿ ಭಾಗವಹಿಸದಂತೆ ತಡೆಯುವುದಕ್ಕಷ್ಟೇ ಹೊರತು ಪ್ರತೀಕಾರಕ್ಕಲ್ಲ ಎಂಬುದು ಅದರ ತಿರುಳು. ಅದನ್ನು ಸಿದ್ಧಪಡಿಸುವುದರಲ್ಲಿ ಅಬ್ವೇರ್‌ನಲ್ಲಿದ್ದ ಕಾನೂನುತಜ್ಞ ಹೆಲ್ಮುಟ್ ಫಾನ್ ಮೋಲ್ಟ್ಕೆಯ ಪಾತ್ರವಿತ್ತು. ಇವೆಲ್ಲ ಹಳೆಯ ಕಾಲದ ಶೌರ್ಯಧರ್ಮದ ಕಲ್ಪನೆಗಳೆಂದೂ ಇಲ್ಲಿ ನಡೆದಿರುವುದು ಒಂದು ಸಿದ್ಧಾಂತವನ್ನೇ ನಾಶಮಾಡುವ ಕಾರ್ಯವೆಂದೂ ಅಂಚಿನಲ್ಲಿ ಬರೆದು ಕೈಟೆಲ್ ಅದನ್ನು ತಳ್ಳಿಹಾಕಿದನು. ಈ ಕಾಗದವೇ ನ್ಯೂರೆಂಬರ್ಗ್‌ನಲ್ಲಿ ಕೈಟೆಲ್ ವಿರುದ್ಧ ಸಾಕ್ಷ್ಯವಾಯಿತು. ಆ ಕೈದಿಗಳಲ್ಲಿ ಲಕ್ಷಾಂತರ ಮಂದಿ ಹಸಿವು, ಚಳಿ ಮತ್ತು ಗುಂಡೇಟಿಗೆ ಬಲಿಯಾದರು.

ಕೆಲವರ ಪ್ರಾಣ ಉಳಿಸುವುದು ಅಬ್ವೇರ್‌ಗೆ ಸಾಧ್ಯವಾಯಿತು. 1939ರ ಕೊನೆಯಲ್ಲಿ ಯೆಹೂದಿ ಧರ್ಮಗುರು ಯೋಸೆಫ್ ಯಿತ್ಸ್‌ಹಾಕ್ ಶ್ನೀರ್ಸನ್ ಅವರನ್ನು ವಾರ್ಸಾದಿಂದ ಸುರಕ್ಷಿತವಾಗಿ ಹೊರಗೆ ತಂದವರು ಅಬ್ವೇರ್ ಅಧಿಕಾರಿಗಳು. 1942ರಲ್ಲಿ ಹಾನ್ಸ್ ಫಾನ್ ಡೊನಾನಿ ಎಂಬ ಅಧಿಕಾರಿ ಕನಾರಿಸನ ಒಪ್ಪಿಗೆಯಿಂದ ಹದಿನಾಲ್ಕು ಮಂದಿಯನ್ನು, ಬಹುತೇಕ ಯೆಹೂದಿ ಮೂಲದವರನ್ನು, ಗೂಢಚಾರರೆಂಬ ನೆಪದಲ್ಲಿ ಸ್ವಿಟ್ಜರ್ಲೆಂಡ್‌ಗೆ ಸಾಗಿಸಿದನು.

ಇದರ ಮತ್ತೊಂದು ಮುಖವೂ ಇದೆ. ಆಕ್ರಮಿತ ಪ್ರದೇಶಗಳಲ್ಲಿ ಅಬ್ವೇರ್‌ನ ಮೂರನೆಯ ವಿಭಾಗ ಪ್ರತಿರೋಧ ಚಳವಳಿಯವರನ್ನು ಬೇಟೆಯಾಡುತ್ತಿತ್ತು. ಬಂಧಿತರನ್ನು ಸುಳಿವಿಲ್ಲದಂತೆ ಮಾಯವಾಗಿಸುವ 1941ರ ಡಿಸೆಂಬರ್‌ನ ಕುಖ್ಯಾತ ಆದೇಶದ ಜಾರಿಯಲ್ಲಿ ಅಬ್ವೇರ್ ಅಧಿಕಾರಿಗಳೂ ಪಾಲುದಾರರು. ಪೂರ್ವರಂಗದಲ್ಲಿ ಅದರ ಘಟಕಗಳು ಕೊಲೆಪಡೆಗಳೊಡನೆ ಸಹಕರಿಸಿದುದಕ್ಕೆ ದಾಖಲೆಗಳಿವೆ. ಬರ್ಲಿನ್‌ನಲ್ಲಿ ಆಕ್ಷೇಪ ಬರೆದ ಮುಖ್ಯಸ್ಥನ ಕೈಕೆಳಗೇ ಇವೆಲ್ಲ ನಡೆದವು.

ಗೂಢಚಾರ ಸಂಸ್ಥೆಯಾಗಿ ಅಬ್ವೇರ್

ಅಬ್ವೇರ್‌ಗೆ ಯಶಸ್ಸುಗಳೇ ಇರಲಿಲ್ಲವೆಂದಲ್ಲ. ಯುದ್ಧಕ್ಕೆ ಮುನ್ನ ಅಮೆರಿಕದ ನಾರ್ಡನ್ ಬಾಂಬ್‌ಗುರಿ ಉಪಕರಣದ ನಕ್ಷೆಗಳನ್ನು ಅದು ಕದ್ದು ತಂದಿತು. ನೆದರ್ಲೆಂಡ್ಸ್‌ನಲ್ಲಿ ಬ್ರಿಟನ್‌ನಿಂದ ಧುಮುಕುಕೊಡೆಯಲ್ಲಿ ಇಳಿದ ಗೂಢಚಾರರನ್ನು ಹಿಡಿದು, ಅವರ ರೇಡಿಯೊ ಸಂಪರ್ಕವನ್ನೇ ಬಳಸಿಕೊಂಡು ಲಂಡನ್ನನ್ನು ಬಹುಕಾಲ ವಂಚಿಸಿತು. ಆದರೆ ದೊಡ್ಡ ಲೆಕ್ಕದಲ್ಲಿ ಅದು ಸೋತ ಸಂಸ್ಥೆ. ಬ್ರಿಟನ್‌ಗೆ ಕಳುಹಿಸಿದ ಗೂಢಚಾರರು ಒಂದೋ ಸೆರೆಸಿಕ್ಕರು, ಇಲ್ಲವೇ ಬ್ರಿಟಿಷರ ಪರವಾಗಿ ಸುಳ್ಳು ಸುದ್ದಿ ರವಾನಿಸತೊಡಗಿದರು. 1941ರಲ್ಲಿ ಅಮೆರಿಕದಲ್ಲಿ ಬಯಲಾದ ಡುಕೇನ್ ಜಾಲದ ಮೂವತ್ತಮೂರು ಮಂದಿಗೆ ಶಿಕ್ಷೆಯಾಯಿತು. 1942ರ ಜೂನ್‌ನಲ್ಲಿ ಅಮೆರಿಕದ ತೀರದಲ್ಲಿ ಇಳಿಸಿದ ಎಂಟು ವಿಧ್ವಂಸಕರ ಪೈಕಿ ಒಬ್ಬ ತಾನಾಗಿಯೇ ಎಫ್‌ಬಿಐಗೆ ಎಲ್ಲವನ್ನೂ ತಿಳಿಸಿದನು. ಆರು ಮಂದಿ ಮರಣದಂಡನೆಗೆ ಗುರಿಯಾದರು. 1941ರ ಕೊನೆಯಲ್ಲಿ ಬ್ರಿಟಿಷ್ ಗೂಢಲಿಪಿತಜ್ಞ ಡಿಲ್ಲಿ ನಾಕ್ಸ್ ಅಬ್ವೇರ್‌ನ ಎನಿಗ್ಮಾ ಯಂತ್ರದ ಸಂಕೇತವನ್ನು ಭೇದಿಸಿದ ಬಳಿಕ ಅದರ ಆಂತರಿಕ ಸಂದೇಶಗಳೂ ಬ್ರಿಟಿಷರ ಮೇಜಿಗೆ ಬರತೊಡಗಿದವು.

ಭಾರತಕ್ಕೆ ಸಂಬಂಧಿಸಿದ ಪ್ರಕರಣವೂ ಇದೇ ಬಗೆಯದು. 1941ರಲ್ಲಿ ಸುಭಾಷ್‌ಚಂದ್ರ ಬೋಸರನ್ನು ಕಾಬೂಲ್‌ವರೆಗೆ ತಲುಪಿಸಿದ ಭಗತ್ ರಾಮ್ ತಲ್ವಾರ್‌ನನ್ನು ಜರ್ಮನರು ತಮ್ಮ ನಂಬಿಕಸ್ಥ ಗೂಢಚಾರನೆಂದು ತಿಳಿದು ಹಣವನ್ನೂ ರೇಡಿಯೊ ಉಪಕರಣವನ್ನೂ ಒದಗಿಸಿದರು. ಆತ ವಾಸ್ತವವಾಗಿ ಸೋವಿಯತ್ ಮತ್ತು ಬ್ರಿಟಿಷ್ ಸೇವೆಗಳಿಗೆ ದುಡಿಯುತ್ತಿದ್ದನು. ಬರ್ಲಿನ್‌ಗೆ ಆತನಿಂದ ಹೋಗುತ್ತಿದ್ದ ಸುದ್ದಿಗಳನ್ನು ದೆಹಲಿಯಲ್ಲಿ ಪೀಟರ್ ಫ್ಲೆಮಿಂಗ್ ಎಂಬ ಬ್ರಿಟಿಷ್ ಅಧಿಕಾರಿ ಹೆಣೆಯುತ್ತಿದ್ದನು.

ಈ ವೈಫಲ್ಯಗಳು ಉದ್ದೇಶಪೂರ್ವಕವೆಂದು ಕೆಲವರು ವಾದಿಸುತ್ತಾರೆ. ಕೆಟ್ಟ ಆಯ್ಕೆ, ಲಂಚಗುಳಿತನ, ಗೂಢಚಾರರ ಸುದ್ದಿಯನ್ನು ಪರಿಶೀಲಿಸದೆ ನಂಬುವ ಅಭ್ಯಾಸ, ಆಡಳಿತದಲ್ಲಿ ಕನಾರಿಸನ ನಿರಾಸಕ್ತಿ ಇವುಗಳೇ ಹೆಚ್ಚು ಸಮಂಜಸ ಕಾರಣಗಳೆಂದು ತೋರುತ್ತದೆ.

ಪತನ

1943ರ ಏಪ್ರಿಲ್ 5ರಂದು ಮ್ಯೂನಿಕ್‌ನ ಅಬ್ವೇರ್ ಕಚೇರಿಯ ವಿದೇಶಿ ಹಣದ ಕಳ್ಳಸಾಗಣೆ ಪ್ರಕರಣದ ಎಳೆ ಹಿಡಿದು ತನಿಖಾಧಿಕಾರಿಗಳು ಡೊನಾನಿಯ ಕೊಠಡಿಗೆ ಬಂದರು. ಮೇಜಿನ ಮೇಲಿದ್ದ ಕಾಗ್ದವೊಂದನ್ನು ಅಡಗಿಸಲು ಯತ್ನಿಸಿ ಓಸ್ಟರ್ ಸಿಕ್ಕಿಬಿದ್ದನು. ಡೊನಾನಿ ಮತ್ತು ಆತನ ಪತ್ನಿಯ ಸೋದರ, ಧರ್ಮಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹಾಫರ್, ಬಂಧಿತರಾದರು. ಓಸ್ಟರ್ ಹುದ್ದೆ ಕಳೆದುಕೊಂಡನು. ಕನಾರಿಸ್ ಉಳಿದರೂ ಆತನ ಸುತ್ತಲಿನ ಗೋಡೆ ಕುಸಿದಿತ್ತು.

1944ರ ಜನವರಿಯಲ್ಲಿ ಇಟಲಿಯ ಆಂಜಿಯೊದಲ್ಲಿ ಮಿತ್ರಪಡೆಗಳು ಇಳಿದುದನ್ನು ಅಬ್ವೇರ್ ಮುಂಗಾಣಲಿಲ್ಲ. ಬೆನ್ನಲ್ಲೇ ಇಸ್ತಾಂಬುಲ್‌ನಲ್ಲಿದ್ದ ಅದರ ಅಧಿಕಾರಿ ಎರಿಖ್ ಫೆರ್ಮೆರೆನ್ ಪತ್ನಿಯೊಡನೆ ಬ್ರಿಟಿಷರ ಕಡೆ ಸೇರಿದನು. ಫೆಬ್ರವರಿ 12ರಂದು ಹಿಟ್ಲರ್ ಏಕೀಕೃತ ಗುಪ್ತಚರ ಸೇವೆಯೊಂದನ್ನು ರಚಿಸಿ ಹಿಮ್ಲರ್‌ನ ಅಧೀನಕ್ಕೆ ಒಪ್ಪಿಸಿದನು. ಕನಾರಿಸನನ್ನು ಲೌವೆನ್‌ಸ್ಟೈನ್ ಕೋಟೆಯಲ್ಲಿ ಹೆಚ್ಚುಕಡಿಮೆ ಗೃಹಬಂಧನದಲ್ಲಿ ಇರಿಸಲಾಯಿತು. ಜುಲೈನಲ್ಲಿ ಆರ್ಥಿಕ ಸಮರದ ಸಣ್ಣದೊಂದು ಕಚೇರಿ ದೊರೆಯಿತು.

ಬಂಧನ ಮತ್ತು ಮರಣದಂಡನೆ

ಜುಲೈ 20ರಂದು ಹಿಟ್ಲರನನ್ನು ಬಾಂಬ್‌ನಿಂದ ಕೊಲ್ಲುವ ಯತ್ನ ವಿಫಲವಾಯಿತು. ಅದರ ಸಿದ್ಧತೆಯಲ್ಲಿ ಕನಾರಿಸನಿಗೆ ನೇರ ಪಾತ್ರವಿರಲಿಲ್ಲ. ಆದರೆ ಸಂಚುಗಾರರ ಪೈಕಿ ಹಲವರು ಆತನ ಹಳೆಯ ಸಹೋದ್ಯೋಗಿಗಳು. ಜುಲೈ 23ರಂದು ವಾಲ್ಟರ್ ಶೆಲೆನ್‌ಬರ್ಗ್ ಆತನ ಮನೆಗೆ ಬಂದು ಬಂಧಿಸಿದನು. ಸೆಪ್ಟೆಂಬರ್‌ನಲ್ಲಿ ತ್ಸೋಸೆನ್ ಸೇನಾ ಕೇಂದ್ರದ ತಿಜೋರಿಯೊಂದರಲ್ಲಿ 1938ರ ಸಂಚಿನಿಂದ ಮೊದಲ್ಗೊಂಡು ಡೊನಾನಿ ಸಂಗ್ರಹಿಸಿಟ್ಟಿದ್ದ ಕಾಗದಪತ್ರಗಳು ಸಿಕ್ಕವು. 1945ರ ಫೆಬ್ರವರಿಯಲ್ಲಿ ಕನಾರಿಸನನ್ನು ಬವೇರಿಯಾದ ಫ್ಲೋಸೆನ್‌ಬುರ್ಗ್ ಶಿಬಿರಕ್ಕೆ ಸಾಗಿಸಲಾಯಿತು.

ಏಪ್ರಿಲ್ ಆರಂಭದಲ್ಲಿ ತ್ಸೋಸೆನ್‌ನಲ್ಲಿ ಆತನ ದಿನಚರಿಯ ಸಂಪುಟಗಳೂ ದೊರೆತವು. ಅವುಗಳ ಭಾಗಗಳನ್ನು ಕಂಡ ಹಿಟ್ಲರ್ ಸಂಚುಗಾರರನ್ನು ಕೂಡಲೇ ಮುಗಿಸಲು ಆದೇಶಿಸಿದನು. ಏಪ್ರಿಲ್ 8ರಂದು ಶಿಬಿರದಲ್ಲಿಯೇ ಎಸ್‌ಎಸ್ ನ್ಯಾಯಾಲಯ ಕುಳಿತಿತು. ನ್ಯಾಯಾಧೀಶ ಒಟ್ಟೊ ಥೋರ್ಬೆಕ್, ಅಭಿಯೋಜಕ ವಾಲ್ಟರ್ ಹುಪ್ಪೆನ್‌ಕೋಥೆನ್. ಆರೋಪಿಗಳ ಪರ ವಕೀಲರಿರಲಿಲ್ಲ. ಯುದ್ಧಾನಂತರದ ಹೇಳಿಕೆಗಳ ಪ್ರಕಾರ, ಸಂಚನ್ನು ಒಳಗಿನಿಂದ ಅರಿತುಕೊಳ್ಳಲೆಂದೇ ತಾನು ಸಂಚುಗಾರರೊಡನೆ ಇದ್ದಂತೆ ನಟಿಸಿದೆನೆಂದು ಕನಾರಿಸ್ ವಾದಿಸಿದನು. ಓಸ್ಟರ್‌ನನ್ನು ಕರೆಸಿ ಕೇಳಿದಾಗ ಆತ ಇದನ್ನು ಅಲ್ಲಗಳೆದನು. ಆ ರಾತ್ರಿ ಕನಾರಿಸ್ ಪಕ್ಕದ ಕೋಣೆಯಲ್ಲಿದ್ದ ಡೆನ್ಮಾರ್ಕ್‌ನ ಸೇನಾ ಗುಪ್ತಚರ ಅಧಿಕಾರಿ ಲುಂಡಿಂಗ್‌ಗೆ ಗೋಡೆ ತಟ್ಟುವ ಸಂಕೇತದ ಮೂಲಕ, ತಾನು ದೇಶದ್ರೋಹಿಯಲ್ಲ, ಜರ್ಮನ್ನನಾಗಿ ಕರ್ತವ್ಯ ಮಾಡಿದೆನೆಂಬ ಅರ್ಥದ ಸಂದೇಶ ಕಳುಹಿಸಿದನೆಂದು ಲುಂಡಿಂಗ್ ಅನಂತರ ತಿಳಿಸಿದನು. ಏಪ್ರಿಲ್ 9ರ ಬೆಳಗಿನ ಜಾವ ಕನಾರಿಸ್, ಓಸ್ಟರ್, ಬಾನ್‌ಹಾಫರ್, ಸೇನಾ ನ್ಯಾಯಾಧಿಕಾರಿ ಕಾರ್ಲ್ ಜಾಕ್ ಮತ್ತು ಕಪ್ತಾನ ಲುಡ್ವಿಗ್ ಗೆರೆ ಇವರನ್ನು ಗಲ್ಲಿಗೇರಿಸಿ ಶವಗಳನ್ನು ಸುಡಲಾಯಿತು. ಎರಡು ವಾರಗಳ ಅನಂತರ, ಏಪ್ರಿಲ್ 23ರಂದು, ಅಮೆರಿಕನ್ ಪಡೆಗಳು ಶಿಬಿರವನ್ನು ತಲುಪಿದವು.

1956ರಲ್ಲಿ ಪಶ್ಚಿಮ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಥೋರ್ಬೆಕ್‌ನನ್ನು ದೋಷಮುಕ್ತಗೊಳಿಸಿತು. ಹುಪ್ಪೆನ್‌ಕೋಥೆನ್‌ಗೆ ಶಿಕ್ಷೆಯಾದುದು ಮರಣದಂಡನೆಗೆ ಮೇಲಧಿಕಾರಿಯ ದೃಢೀಕರಣ ಪಡೆಯಲಿಲ್ಲವೆಂಬ ಕಾರಣಕ್ಕೆ ಮಾತ್ರ. ಫ್ಲೋಸೆನ್‌ಬುರ್ಗ್‌ನ ವಿಚಾರಣೆ ಆ ಕಾಲದ ಕಾನೂನಿನಂತೆ ಸಿಂಧುವೆಂದು ಒಪ್ಪಿದಂತಾದ ಈ ತೀರ್ಪು ದೀರ್ಘಕಾಲ ಟೀಕೆಗೆ ಗುರಿಯಾಯಿತು. ನಾಜಿ ಕಾಲದ ಇಂಥ ತೀರ್ಪುಗಳನ್ನು ಒಟ್ಟಾಗಿ ರದ್ದುಗೊಳಿಸುವ ಕಾಯಿದೆ ಜರ್ಮನಿಯಲ್ಲಿ ಬಂದುದು 1998ರಲ್ಲಿ.

ಇತಿಹಾಸಕಾರರ ದೃಷ್ಟಿಯಲ್ಲಿ

ಯುದ್ಧ ಮುಗಿದ ಮೊದಲ ದಶಕದಲ್ಲಿ ಕಾರ್ಲ್ ಹೈನ್ಜ್ ಆಬ್ಸ್‌ಹಾಗೆನ್ ಮತ್ತು ಇಯಾನ್ ಕಾಲ್ವಿನ್ ಬರೆದ ಜೀವನಚರಿತ್ರೆಗಳು ಕನಾರಿಸನನ್ನು ಅನುಕಂಪದಿಂದ ಚಿತ್ರಿಸಿದವು. 1954ರಲ್ಲಿ ಆಲ್ಫ್ರೆಡ್ ವೈಡೆನ್‌ಮನ್ ನಿರ್ದೇಶಿಸಿದ ಜರ್ಮನ್ ಚಲನಚಿತ್ರವೂ ಅದೇ ಹಾದಿಯದು. ಮಾಜಿ ಸೈನಿಕರ ಸಮಾಜವೊಂದು ತನ್ನ ಗತವನ್ನು ಎದುರಿಸಲು ಕಷ್ಟಪಡುತ್ತಿದ್ದಾಗ, ಸಮವಸ್ತ್ರದಲ್ಲಿದ್ದುಕೊಂಡೇ ಹಿಟ್ಲರನನ್ನು ವಿರೋಧಿಸಿದ ಅಧಿಕಾರಿಯ ಕಥೆ ಹಿತವೆನಿಸಿದ್ದು ಆಶ್ಚರ್ಯವಲ್ಲ. 1976ರಲ್ಲಿ ಪ್ರಕಟವಾದ ಹೈನ್ಜ್ ಹೋನೆಯ ವಿಸ್ತೃತ ಜೀವನಚರಿತ್ರೆ ಈ ಚಿತ್ರವನ್ನು ಬದಲಿಸಿತು. ದಾಖಲೆಗಳ ಆಧಾರದಿಂದ ಅದು 1919ರ ಕನಾರಿಸನನ್ನೂ ಹಿಟ್ಲರನನ್ನು ಹೊಗಳಿ ಅಧಿಕಾರಿಗಳಿಗೆ ಉಪನ್ಯಾಸ ನೀಡುತ್ತಿದ್ದ 1930ರ ದಶಕದ ಕನಾರಿಸನನ್ನೂ ಮುಂದಿಟ್ಟಿತು.

ಯುದ್ಧಕಾಲದಲ್ಲಿ ಬ್ರಿಟಿಷ್ ಗುಪ್ತಚರ ಸೇವೆಯಲ್ಲಿದ್ದು ಅಬ್ವೇರ್ ಸಂದೇಶಗಳನ್ನು ಓದುತ್ತಿದ್ದ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್‌ಗೆ ಕನಾರಿಸನ ದಕ್ಷತೆಯ ಬಗ್ಗೆ ಗೌರವವಿರಲಿಲ್ಲ. ಆದರೆ ಅಬ್ವೇರ್ ಮತ್ತು ನಾಜಿ ಪಕ್ಷದ ನಡುವಣ ಸಂಘರ್ಷವನ್ನು ವಿವರಿಸಿ ತಾನೂ ಸಹೋದ್ಯೋಗಿಗಳೂ ಸಿದ್ಧಪಡಿಸಿದ್ದ ವರದಿಯ ಪ್ರಸಾರವನ್ನು ಕಿಮ್ ಫಿಲ್ಬಿ ತಡೆದನೆಂದು ಆತ ಬರೆದಿದ್ದಾನೆ. ಫಿಲ್ಬಿ ಆಗ ಸೋವಿಯತ್ ಒಕ್ಕೂಟಕ್ಕಾಗಿ ಗುಟ್ಟಾಗಿ ದುಡಿಯುತ್ತಿದ್ದನು. ಜರ್ಮನಿಯ ಹಿಟ್ಲರ್-ವಿರೋಧಿಗಳೂ ಬ್ರಿಟನ್ನೂ ಹತ್ತಿರವಾಗುವುದು ಮಾಸ್ಕೊಗೆ ಬೇಕಿರಲಿಲ್ಲ.

ಶ್ನೀರ್ಸನ್ ಅವರ ಅನುಯಾಯಿಗಳಲ್ಲಿ ಕೆಲವರು ಯೆಹೂದಿಗಳನ್ನು ರಕ್ಷಿಸಿದವರಿಗೆ ಇಸ್ರೇಲ್‌ನ ಯಾದ್ ವಶೆಮ್ ಸಂಸ್ಥೆ ನೀಡುವ ಗೌರವ ಕನಾರಿಸನಿಗೂ ಸಲ್ಲಬೇಕೆಂದು ಕೋರಿದ್ದರು. ಅದು ದೊರೆತಿಲ್ಲ. ಫ್ಲೋಸೆನ್‌ಬುರ್ಗ್‌ನಲ್ಲಿ ಮರಣದಂಡನೆ ನಡೆದ ಸ್ಥಳದ ಸ್ಮಾರಕಫಲಕದಲ್ಲಿ ಆತನ ಹೆಸರು ಓಸ್ಟರ್ ಮತ್ತು ಬಾನ್‌ಹಾಫರ್ ಹೆಸರುಗಳ ಜೊತೆಗಿದೆ. ತ್ಸೋಸೆನ್‌ನಲ್ಲಿ ಸಿಕ್ಕಿದ್ದ ದಿನಚರಿಯ ಸಂಪುಟಗಳು ಯುದ್ಧದ ಕೊನೆಯ ದಿನಗಳಲ್ಲಿ ನಾಶವಾದವೆಂದು ನಂಬಲಾಗಿದ್ದು, ಅವುಗಳ ಕೆಲವು ಭಾಗಗಳ ಪ್ರತಿಗಳು ಮಾತ್ರ ಉಳಿದಿವೆ.